ಕಲ್ಲೇ ಇಲ್ಲಿ ಕಾಡು

ಹೊಸಪೇಟೆಯಿಂದ ತುಂಗಭದ್ರಾ ನದಿ ದಾಟಿ ಗಂಗಾವತಿಯತ್ತ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಎರಡೇ ಬಣ್ಣ. ಕೆಳಗೆ ಕಾಲುವೆ ನೀರುಂಡ ಭತ್ತದ ಗದ್ದೆಗಳ ಹಸಿರು. ಮೇಲೆ, ಯಾರೋ ಗಾಡಿಗಟ್ಟಲೆ ತಂದು ಸುರಿದಂತೆ ಬಿದ್ದಿರುವ ಬಂಡೆಗಳ ಬೂದು. ಗದ್ದೆ ನೋಡಿದವರು ‘ಎಂಥ ಚಿನ್ನದಂಥ ನೆಲ’ ಎನ್ನುತ್ತಾರೆ. ಗುಡ್ಡ ನೋಡಿದವರು ‘ಬರೇ ಕಲ್ಲು’ ಎಂದು ಮುಖ ತಿರುಗಿಸುತ್ತಾರೆ. ಕಂದಾಯ ದಾಖಲೆಯಲ್ಲೂ ಸಾಗುವಳಿಗೆ ಒದಗದ ಇಂಥ ನೆಲಕ್ಕೆ ‘ಖರಾಬು’ ಎಂದೇ ಹೆಸರು. ಆದರೆ ಇಲ್ಲಿನ ಕಾಡುಪ್ರಾಣಿಗಳ ಲೆಕ್ಕವೇ ಬೇರೆ. ಅವುಗಳ ಪಾಲಿಗೆ ಈ ಖರಾಬು ನೆಲವೇ ಮನೆ.

ಬಂಡೀಪುರ, ನಾಗರಹೊಳೆ, ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನ ಕೊಪ್ಪಳ ಜಿಲ್ಲೆಯಲ್ಲಿಲ್ಲ. ಇಲ್ಲಿನ ವಾರ್ಷಿಕ ಮಳೆ 600 ಮಿ.ಮೀ. ಆಸುಪಾಸು. ಮುಗಿಲು ಮುಟ್ಟುವ ಮರಗಳಿಗೆ ಅದು ಸಾಲದು. ಹಾಗಾಗಿ ಮರಗಳು ಮಾಡಬೇಕಾದ ಕೆಲಸವನ್ನು ಇಲ್ಲಿ ಬಂಡೆಗಳೇ ಮಾಡುತ್ತವೆ. ನೆರಳು ಕೊಡುವುದು, ಆಸರೆ ನೀಡುವುದು, ನೀರು ಹಿಡಿದಿಡುವುದು ಎಲ್ಲವೂ ಕಲ್ಲಿನದೇ ಜವಾಬ್ದಾರಿ.

ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಭೂವಿಜ್ಞಾನಿಗಳು ಇದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ರಾಮನಗರದ ಬೆಟ್ಟಗಳೂ ಆನೆಗೊಂದಿಯ ಗುಡ್ಡಗಳೂ ಒಂದೇ ಶಿಲಾಪಟ್ಟಿಗೆ ಸೇರಿದ ಅಣ್ಣತಮ್ಮಂದಿರು. ಭೂಮಿಯ ಆಳದಲ್ಲಿ ತಣ್ಣಗಾದ ಶಿಲೆ ಮೇಲೆ ಬರುತ್ತಾ ಅಡ್ಡ-ಉದ್ದ ಬಿರುಕು ಬಿಟ್ಟಿತು. ಬಿರುಕಿಗಿಳಿದ ನೀರು ಮೂಲೆಗಳನ್ನು ಸವೆಸಿತು. ಮೇಲಿನ ಮಣ್ಣು ಕೊಚ್ಚಿಹೋಗಿ ದುಂಡುಗಲ್ಲುಗಳು ಒಂದರ ಮೇಲೊಂದು ಉಳಿದವು. ಯಾರೂ ತಂದು ಪೇರಿಸಿದ್ದಲ್ಲ. ನಿಂತಲ್ಲೇ ಸವೆದು ರೂಪುಗೊಂಡದ್ದು.

ಹೀಗೆ ನಿಂತ ಬಂಡೆಗಳ ನಡುವಿನ ಸಂದುಗಳೇ ಗವಿಗಳು. ಏಪ್ರಿಲ್ ಬಿಸಿಲಿಗೆ ಹೊರಗೆ ಕಲ್ಲು ಕಾದ ಹಂಚಾದಾಗಲೂ ಗವಿಯ ಒಳಗೆ ತಂಪಿರುತ್ತದೆ. ಕರಡಿ ಹಗಲು ಅಲ್ಲಿ ಮಲಗಿ, ಹೊತ್ತು ಮುಳುಗಿದ ಮೇಲೆ ಗೆದ್ದಲು, ಕವಳಿ, ಬೋರೆ ಹಣ್ಣು ಹುಡುಕಿ ಹೊರಡುತ್ತದೆ. ಮರಿಗಳಿದ್ದರೆ ತಾಯಿಯ ಬೆನ್ನೇ ಅವುಗಳ ಬಂಡಿ. ನದಿಯಾಚೆಯ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗಾಗಿಯೇ ಧಾಮವಾಯಿತು. ಆದರೆ ಈಚೆ ದಂಡೆಯ ಗಂಗಾವತಿ, ಕೊಪ್ಪಳ ತಾಲೂಕುಗಳ ಗುಡ್ಡಗಳಲ್ಲೂ ಕರಡಿ, ಚಿರತೆಗಳಿವೆ. ಬಂಡೆಗಳ ನಡುವಿನ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಈ ಹಕ್ಕಿ ಸಿಗುವುದಿಲ್ಲ.

ಮನುಷ್ಯನೂ ಈ ಕಲ್ಲಿನ ಆಸರೆ ಪಡೆದವನೇ. ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಹಿರೇಬೆಣಕಲ್ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಸುಮಾರು 400 ಕಲ್ಮನೆಗಳಿವೆ. ಊರವರಿಗೆ ಅದು ಮೋರ್ಯರ ಗುಡ್ಡ. ಬಂಡೆಯಿಂದ ಪದರ ಪದರವಾಗಿ ಬಿಡುವ ಕಲ್ಲುಹಾಸನ್ನೇ ಎಬ್ಬಿಸಿ ಗೋಡೆ, ಮಾಡು ಮಾಡಿದ್ದಾರೆ. ಕಲ್ಲು ತೆಗೆದ ತಗ್ಗು ಕೆರೆಯಾಗಿದೆ. ಬಡಿದರೆ ನಗಾರಿಯಂತೆ ಮೊಳಗುವ ಬಂಡೆಯೂ ಅಲ್ಲಿದೆ. 1835ರಲ್ಲಿ ಮೆಡೋಸ್ ಟೇಲರ್ ಈ ತಾಣವನ್ನು ಹೊರಜಗತ್ತಿಗೆ ಪರಿಚಯಿಸಿದ. 2021ರಲ್ಲಿ ಇದು ಯುನೆಸ್ಕೊದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿತು.

ಗುಡ್ಡದ ಬುಡದಲ್ಲಿ ಹರಿಯುವ ತುಂಗಭದ್ರೆಯೂ ಬಂಡೆಗಳ ನಡುವೆಯೇ ದಾರಿ ಮಾಡಿಕೊಂಡಿದೆ. ಆ ಬಂಡೆಗಳ ಪೊಟರೆಗಳಲ್ಲಿ ನೀರುನಾಯಿಗಳು ಮರಿ ಮಾಡುತ್ತವೆ. ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ದೇಶದಲ್ಲಿ ಇದೇ ಮೊದಲನೆಯದು. ಮೀನು ಹಿಡಿಯಲು ಸಿಡಿಮದ್ದು ಹಾಕಿದರೆ ಮೀನಷ್ಟೇ ಅಲ್ಲ, ನೀರುನಾಯಿಯ ಮನೆಯೂ ಅನ್ನವೂ ಒಟ್ಟಿಗೆ ಹೋಗುತ್ತವೆ.

ಗಂಗಾವತಿಯನ್ನು ಬಿಟ್ಟು ಕುಷ್ಟಗಿ, ಯಲಬುರ್ಗಾ ಕಡೆ ಹೊರಟರೆ ಗುಡ್ಡಗಳು ವಿರಳವಾಗಿ ನೆಲ ಬಯಲಾಗುತ್ತದೆ. ಸಜ್ಜೆ, ಕಡಲೆ, ಜೋಳದ ಹೊಲಗಳು, ನಡುವೆ ಹುಲ್ಲುಗಾವಲು. ಇದು ಕೃಷ್ಣಮೃಗ ಮತ್ತು ತೋಳದ ಸೀಮೆ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿ 332 ಎಕರೆಯ ಧಾಮವಾಗಿದೆ. 2025ರಲ್ಲಿ ಅಲ್ಲಿ ತೋಳವೊಂದು ಎಂಟು ಮರಿ ಹಾಕಿದಾಗ ನಾಡಿಗೆಲ್ಲ ಸುದ್ದಿಯಾಯಿತು.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಿ ನೋಡಬಹುದು. 332 ಎಕರೆ ಎಂದರೆ ಒಂದೂವರೆ ಚದರ ಕಿ.ಮೀ.ಗೂ ಕಡಿಮೆ. ಒಂದು ತೋಳದ ಗುಂಪು ಆಹಾರಕ್ಕಾಗಿ ಸುತ್ತುವುದು ನೂರಕ್ಕೂ ಹೆಚ್ಚು ಚದರ ಕಿ.ಮೀ. ಅಂದರೆ ಧಾಮವೇನಿದ್ದರೂ ತೊಟ್ಟಿಲು ಮಾತ್ರ. ಮರಿಗಳು ಬೆಳೆದು ಬದುಕಬೇಕಾದದ್ದು ಧಾಮದ ಹೊರಗೆ, ರೈತರ ಹೊಲಗಳಲ್ಲಿ, ಕುರಿಗಾರರ ಹುಲ್ಲುಗಾವಲಿನಲ್ಲಿ.

ಇದು ಬಾಯಿಮಾತಿನಲ್ಲಿ ಹೇಳಿದಷ್ಟು ಸಲೀಸಲ್ಲ. ಒಂದು ಕುರಿ ಹೋದರೆ ಕುರಿಗಾರನ ಮನೆಯ ಲೆಕ್ಕವೇ ತಪ್ಪುತ್ತದೆ. ಮೊಳಕೆಯೊಡೆದ ಪೈರನ್ನು ಕೃಷ್ಣಮೃಗಗಳ ಹಿಂಡು ಮೇಯ್ದರೆ ರೈತನ ಹೊಟ್ಟೆ ಉರಿಯುವುದು ಸಹಜ. 2020ರಲ್ಲಿ ಆನೆಗೊಂದಿ ಬಳಿ ಚಿರತೆಗೆ ಯುವಕನೊಬ್ಬ ಬಲಿಯಾದ. ಪ್ರಾಣಿಗಳ ಜೊತೆ ಬಾಳುವವರ ಕಷ್ಟ ಪೇಟೆಯವರಿಗೆ ಅರ್ಥವಾಗುವುದು ನಿಧಾನ. ಆದರೆ ಗುಡ್ಡದಲ್ಲಿ ಗವಿ, ಬಯಲಲ್ಲಿ ಹುಲ್ಲು ಉಳಿದಷ್ಟೂ ಪ್ರಾಣಿಗಳು ಊರಿನಿಂದ ದೂರ ಉಳಿಯುತ್ತವೆ. ಕೃಷ್ಣಮೃಗ ಇದ್ದಲ್ಲಿ ತೋಳಕ್ಕೆ ಕುರಿಯೊಂದೇ ಗತಿಯಲ್ಲ. ತೋಳ ಇದ್ದಲ್ಲಿ ಕೃಷ್ಣಮೃಗದ ಹಿಂಡು ಮಿತಿಮೀರುವುದಿಲ್ಲ.

ಗುಡ್ಡಗಳಿಗೆ ಗಂಡಾಂತರ ಬರುವುದು ‘ಬರೇ ಕಲ್ಲು’ ಎಂಬ ಮಾತಿನಿಂದಲೇ. ರಸ್ತೆಗೆ ಜಲ್ಲಿ ಬೇಕು, ಮನೆಗೆ ಗ್ರಾನೈಟ್ ಬೇಕು. ಬೇಡವೆನ್ನಲಾಗದು. ಆದರೆ ಎಲ್ಲಿಂದ ತೆಗೆಯಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿವೇಕ ಬೇಕು. ಕಡಿದ ಮರದ ಜಾಗದಲ್ಲಿ ಸಸಿ ನೆಡಬಹುದು. ಒಡೆದ ಬಂಡೆಯ ಜಾಗದಲ್ಲಿ ಬಂಡೆ ನೆಡಲಾಗದು.

ರಜೆಯಲ್ಲಿ ಮಕ್ಕಳನ್ನು ದೂರದ ಅಭಯಾರಣ್ಯಕ್ಕೆ ಕರೆದೊಯ್ಯುವ ಮುನ್ನ ಪಾಲಕರು ಒಮ್ಮೆ ಈ ಗುಡ್ಡಗಳನ್ನು ತೋರಿಸಲಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಹಿರೇಬೆಣಕಲ್‌ಗೆ ಊರಿನ ತಿಳಿದವರೊಬ್ಬರ ಜೊತೆ ಬೆಳಕು ಹರಿದ ಮೇಲೆ ಹತ್ತಿ, ಬಿಸಿಲಿರುವಾಗಲೇ ಇಳಿಯಬೇಕು. ಕುಡಿಯುವ ನೀರು ಜೊತೆಗಿರಲಿ. ಗವಿಗಳಲ್ಲಿ ಇಣುಕುವುದು, ಕಲ್ಮನೆಗಳ ಮೇಲೆ ಹತ್ತುವುದು ಬೇಡ. ಕರಡಿ ಕಾಣದಿದ್ದರೂ ನಿರಾಶೆಯಿಲ್ಲ; ಕೆದರಿದ ಹುತ್ತ ಕಂಡರೆ ಸಾಕು, ರಾತ್ರಿ ಬಂದುಹೋದವರು ಯಾರೆಂದು ಮಕ್ಕಳೇ ಊಹಿಸಿಯಾರು.