ಸ್ಟೆಪ್ನಿ ಇತ್ತು, ಕಂಬಿ ಇರಲಿಲ್ಲ

ನಮ್ಮ ಮನೆ ನಾರ್ತ್ ಕ್ರೀಕ್‌ನಲ್ಲಿದೆ. ನಮ್ಮ ಕಾರು ನನಗಿಂತ ಎರಡು ವರ್ಷ ದೊಡ್ಡದು. ಅದು 2009ರ ಟೊಯೋಟಾ ಫೋರ್‌ರನ್ನರ್. ಅಪ್ಪ ಅದನ್ನು ಕೊಂಡು ತಂದ ದಿನ ಅಮ್ಮ, "ಇಷ್ಟು ಹಳೇ ಕಾರು ಯಾಕೆ?" ಅಂತ ಕೇಳಿದರು. "ಕೆಸರಲ್ಲಿ ಓಡಿಸೋಕೆ" ಅಂದರು ಅಪ್ಪ. ಅಮ್ಮ ಮುಂದೆ ಏನೂ ಕೇಳಲಿಲ್ಲ.

ಕಳೆದ ಅಕ್ಟೋಬರ್‌ನಲ್ಲಿ ಐದು ಮನೆಯವರು ಸೇರಿ ಐದು ಗಾಡಿಗಳಲ್ಲಿ ರೈಟರ್ ಫುಟ್‌ಹಿಲ್ಸ್ ಕಾಡಿಗೆ ಹೋಗುವುದು ಅಂತ ತೀರ್ಮಾನವಾಯಿತು. ಅದು ರಾಜ್ಯ ಸರ್ಕಾರದ ಕಾಡು. ಅಲ್ಲಿ ಫೋರ್ ವೀಲ್ ಗಾಡಿಗಳಿಗೆಂದೇ ಕಲ್ಲು, ಕೆಸರು ತುಂಬಿದ ದಾರಿಗಳಿವೆ. ಆಗ ಊರಿಂದ ನಮ್ಮ ಅಜ್ಜ ಬಂದಿದ್ದರು. ಅಜ್ಜನ ಊರು ಹೊಸನಗರ ತಾಲೂಕಿನಲ್ಲಿ, ಕೊಡಚಾದ್ರಿ ಕಾಣುವ ಕಡೆ. ಅವರು ಸುಮಾರು ಇಪ್ಪತ್ತು ವರ್ಷ ಮಹೀಂದ್ರ ಜೀಪು ಓಡಿಸಿದವರು. ಕಾಡಿನ ಹೆಸರು ಕೇಳಿ, "ಅಲ್ಲಿ ಯಾವ ರೈಟರ್ ಇದ್ದ?" ಅಂತ ನಕ್ಕರು.

ಎರಡು ವಾರ ನಮ್ಮ ಗ್ಯಾರೇಜಿನಲ್ಲಿ ಅದೇ ಕೆಲಸ. ಅಪ್ಪ ಹೊಸ ಸಾಮಾನುಗಳನ್ನೆಲ್ಲ ನೆಲದ ಮೇಲೆ ಹರಡಿದ್ದರು. ಚಕ್ರ ಕೆಸರಲ್ಲಿ ಹೂತರೆ ಅದರ ಕೆಳಗೆ ಕೊಡುವ ಪ್ಲಾಸ್ಟಿಕ್ ಹಲಗೆಗಳನ್ನು ಅಜ್ಜ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇದೆಂತ ಮಾರಾಯ, ದಬ್ಬೆ ಪ್ಲಾಸ್ಟಿಕ್ಕಲ್ಲಿ ಮಾಡಿದಾರೆ!" ದಬ್ಬೆ ಅಂದರೆ ಅಡಿಕೆ ಮರವನ್ನು ಉದ್ದಕ್ಕೆ ಸೀಳಿದ ಪಟ್ಟಿ. ಮಳೆಗಾಲದಲ್ಲಿ ಅಜ್ಜನ ಜೀಪಿನಲ್ಲಿ ನಾಲ್ಕು ದಬ್ಬೆ, ಎರಡು ಗೋಣಿಚೀಲ, ಒಂದು ಹಗ್ಗ, ಒಂದು ಗುದ್ದಲಿ, ಚಕ್ರಕ್ಕೆ ಸುತ್ತುವ ಕಬ್ಬಿಣದ ಚೈನು ಯಾವಾಗಲೂ ಇರುತ್ತಿದ್ದವಂತೆ. ಅಪ್ಪ ಹಲಗೆಗೆ ಎಷ್ಟು ಕೊಟ್ಟರು ಅಂತ ಅಜ್ಜನಿಗೆ ಇವತ್ತಿಗೂ ಹೇಳಿಲ್ಲ.

ಪಟ್ಟಿ ಬರೆಯುವ, ಟಿಕ್ ಹಾಕುವ ಕೆಲಸ ನನ್ನದು. ಸಿಯಾಟಲ್‌ನ ಮೌಂಟನಿಯರ್ಸ್ ಕ್ಲಬ್‌ನವರು 1930ರ ದಶಕದಲ್ಲೇ ಬೆಟ್ಟಕ್ಕೆ ಹೋಗುವವರ ಬಳಿ ಇರಲೇಬೇಕಾದ ಹತ್ತು ವಸ್ತುಗಳು ಅಂತ ಹೇಳಿಕೊಡುತ್ತಿದ್ದರು. ನಾನು ಅಲ್ಲಿಂದಲೇ ಶುರು ಮಾಡಿದೆ: ನಕ್ಷೆ, ದಿಕ್ಸೂಚಿ, ಟಾರ್ಚು, ಹೆಚ್ಚಿನ ಬಟ್ಟೆ, ಹೆಚ್ಚಿನ ಊಟ. ಆಮೇಲೆ ಗಾಡಿಯ ಸಾಮಾನು. ಅದರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ರೇಡಿಯೋ. ಕಾಡಿನಲ್ಲಿ ಫೋನ್ ಸಿಗುವುದಿಲ್ಲ ಅಂತ ಅಪ್ಪ ಜಿಎಂಆರ್‌ಎಸ್ ರೇಡಿಯೋ ತಂದಿದ್ದರು. ಅದಕ್ಕೆ ಪರೀಕ್ಷೆ ಏನೂ ಇಲ್ಲ. 35 ಡಾಲರ್ ಕಟ್ಟಿದರೆ 10 ವರ್ಷದ ಲೈಸೆನ್ಸ್ ಕೊಡುತ್ತಾರೆ, ಮನೆಮಂದಿಗೆಲ್ಲ ಅದೊಂದೇ ಸಾಕು.

ಎಳೆಯುವ ಹಗ್ಗದ ವಿಷಯದಲ್ಲಿ ಮಾತ್ರ ಅಪ್ಪ ತುಂಬಾ ಸ್ಟ್ರಿಕ್ಟ್. ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡು ಇರುತ್ತಲ್ಲ, ಹೂತ ಗಾಡಿಯನ್ನು ಅದಕ್ಕೆ ಕಟ್ಟಿ ಎಳೆಯಲೇಬಾರದು. ಅದು ಮುರಿದರೆ ಫಿರಂಗಿ ಗುಂಡಿನ ಹಾಗೆ ಹಾರುತ್ತದೆ, ಜನ ಸತ್ತಿದ್ದಾರೆ. ಚಾಸಿಗೆ ಬೋಲ್ಟ್ ಆಗಿರುವ ಕೊಂಡಿಗೇ ಕಟ್ಟಬೇಕು, ಹಗ್ಗದ ಮೇಲೆ ದಪ್ಪ ಕಂಬಳಿ ಹಾಕಬೇಕು, ಮಕ್ಕಳು ದೂರ ನಿಲ್ಲಬೇಕು.

ಹೋಗುವ ಮುಂಚೆ ಗಾಡಿಯ ಅಡಿಭಾಗವನ್ನೂ ತೊಳೆಯಬೇಕು. ಇಲ್ಲದಿದ್ದರೆ ಒಂದು ಕಡೆಯ ಕಳೆಬೀಜ ಮಣ್ಣಿನ ಜೊತೆ ಇನ್ನೊಂದು ಕಾಡಿಗೆ ಹೋಗುತ್ತದೆ. ಅಜ್ಜ ಆಗಲೇ ಅಂಗಳದಲ್ಲಿ ನೀರಿನ ಪೈಪ್ ಹಿಡಿದಿದ್ದರು. "ಅಜ್ಜಾ, ಇಲ್ಲಿ ತೊಳೀಬಾರದು!" ಅಂತ ಓಡಿದೆ. ನಮ್ಮ ಬೀದಿಯ ಚರಂಡಿ ನೀರು ಶುದ್ಧವಾಗದೆ ಸೀದಾ ನಾರ್ತ್ ಕ್ರೀಕ್ ಹೊಳೆಗೆ ಹೋಗುತ್ತದೆ, ಆ ಹೊಳೆಗೆ ಸಾಮನ್ ಮೀನು ಮೊಟ್ಟೆ ಇಡಲು ಬರುತ್ತವೆ. ಟೈರ್ ಸವೆದ ಪುಡಿಯಿಂದ ಬರುವ ಒಂದು ರಾಸಾಯನಿಕ ಕೋಹೋ ಸಾಮನ್‌ಗಳನ್ನು ಕೊಲ್ಲುತ್ತದೆ ಅಂತ ನಮ್ಮ ರಾಜ್ಯದ ವಿಜ್ಞಾನಿಗಳೇ 2020ರಲ್ಲಿ ಕಂಡುಹಿಡಿದರು. ಇದನ್ನೆಲ್ಲ ಕನ್ನಡದಲ್ಲಿ ಹೇಳಲು ನನಗೆ ಹತ್ತು ನಿಮಿಷ ಬೇಕಾಯಿತು. ಅಜ್ಜ ಪೈಪ್ ಸುತ್ತಿ ಇಟ್ಟು, "ಸರಿ, ಮೀನಿನ ಮನೆಗೆ ರಾಡಿ ನೀರು ಬಿಡೋದು ಬೇಡ" ಅಂದರು. ಕಾರ್ ವಾಷ್‌ಗೆ ಹೋದೆವು.

ಹಿಂದಿನ ರಾತ್ರಿ ಸಾಮಾನು ತುಂಬುವಾಗ ನಾಲ್ಕು ಮಡಚುವ ಕುರ್ಚಿಗಳಿಗೆ ಡಿಕ್ಕಿಯಲ್ಲಿ ಜಾಗ ಸಾಲಲಿಲ್ಲ. ಮೂಲೆಯಲ್ಲಿ ಒಂದು ಕಪ್ಪು ಚೀಲ ಇತ್ತು. ಏನೋ ಹಳೇ ಕಬ್ಬಿಣ ಅಂತ ಅದನ್ನು ತೆಗೆದು ಗ್ಯಾರೇಜಿನ ಕಪಾಟಿನಲ್ಲಿಟ್ಟೆ. ಪಟ್ಟಿಯಲ್ಲಿ "ಸ್ಟೆಪ್ನಿ" ಅಂತ ಇತ್ತು. ಬಗ್ಗಿ ನೋಡಿದೆ, ಕಾರಿನಡಿ ನೇತಾಡುತ್ತಿತ್ತು. ಟಿಕ್. "ಜಾಕ್" ಅಂತ ಇತ್ತು, ಅದರ ಜಾಗದಲ್ಲೇ ಇತ್ತು. ಟಿಕ್.

ಶನಿವಾರ ಬೆಳಿಗ್ಗೆ 522ರಲ್ಲಿ ಮನ್ರೋ, ಅಲ್ಲಿಂದ ಹೈವೇ 2ರಲ್ಲಿ ಸುಲ್ತಾನ್, ಸ್ಟಾರ್ಟಪ್, ಗೋಲ್ಡ್ ಬಾರ್. ಸ್ಟಾರ್ಟಪ್ ಅನ್ನೋದು ನಿಜವಾದ ಊರಿನ ಹೆಸರು, ಅಪ್ಪಂದಿರೆಲ್ಲ ರೇಡಿಯೋದಲ್ಲಿ ಅದೇ ಜೋಕ್ ಮಾಡಿದರು. ಕಾಡಿನ ಬಾಗಿಲಲ್ಲಿ ಡಿಸ್ಕವರ್ ಪಾಸ್ ತೂಗುಹಾಕಿ, ಟೈರ್‌ಗಳ ಗಾಳಿಯನ್ನು 33 ಪಿಎಸ್‌ಐಯಿಂದ 18ಕ್ಕೆ ಇಳಿಸಿದೆವು. ಗಾಳಿ ಕಡಿಮೆಯಾದರೆ ಟೈರ್ ಚಪಾತಿ ಉಂಡೆ ಒತ್ತಿದ ಹಾಗೆ ಅಗಲವಾಗಿ ನೆಲ ಹಿಡಿಯುತ್ತದೆ, ಕೆಸರಿನಲ್ಲಿ ಬೇಗ ಹೂಳುವುದಿಲ್ಲ. ನಿಯಮ ಒಂದೇ: ಪ್ರತಿಯೊಬ್ಬರೂ ತಮ್ಮ ಹಿಂದಿನ ಗಾಡಿ ಕಾಣುತ್ತಿದೆಯಾ ಅಂತ ನೋಡಿಕೊಳ್ಳಬೇಕು, ಕಾಣದಿದ್ದರೆ ನಿಲ್ಲಬೇಕು.

ಮಧ್ಯಾಹ್ನ ಒಂದು ಗಾಡಿಯಲ್ಲಿ ಮಗುವಿಗೆ ವಾಂತಿ ಶುರುವಾಯಿತು. ಯಾರನ್ನೂ ಒಂಟಿಯಾಗಿ ಕಳಿಸಬಾರದು ಅಂತ ಕೊನೆಯಲ್ಲಿದ್ದ ಟಕೋಮಾ ಅವರ ಜೊತೆ ವಾಪಸ್ ಹೋಯಿತು. ಉಳಿದವರು ಮೂವರು. ಅರ್ಧ ಗಂಟೆಯೊಳಗೆ ನಮ್ಮ ಹಿಂದಿನ ಚಕ್ರ ಚೂಪು ಕಲ್ಲಿಗೆ ತಾಗಿ, ಟೈರಿನ ಪಕ್ಕ ಬಿರಿದು ಪುಸ್ ಅಂತ ಕೂತಿತು. ಟೈರಿನ ಮೇಲ್ಭಾಗದಲ್ಲಿ ತೂತಾದರೆ ಪ್ಲಗ್ ಹಾಕಬಹುದು, ಪಕ್ಕ ಹರಿದರೆ ಸ್ಟೆಪ್ನಿಯೇ ಗತಿ.

ಫೋರ್‌ರನ್ನರ್‌ನಲ್ಲಿ ಸ್ಟೆಪ್ನಿ ಕಾರಿನಡಿ ಸರಪಳಿಯಲ್ಲಿ ನೇತಾಡುತ್ತದೆ. ಹಿಂದಿನ ಬಂಪರ್ ಹತ್ತಿರದ ತೂತಿನಲ್ಲಿ ಉದ್ದನೆಯ ಕಂಬಿ ತೂರಿಸಿ ತಿರುಗಿಸಿದರೆ ಮಾತ್ರ ಕೆಳಗಿಳಿಯುತ್ತದೆ. ಅಪ್ಪ ಡಿಕ್ಕಿ ತೆಗೆದು, "ಕಂಬಿ ಚೀಲ ಎಲ್ಲಿ?" ಅಂದರು.

ನನ್ನ ಹೊಟ್ಟೆಯಲ್ಲಿ ಏನೋ ಆಯಿತು. ಅಪ್ಪ ಹುಡುಕಿ ಹುಡುಕಿ, "ಹೋದ ತಿಂಗಳು ಸರ್ವೀಸಿಗೆ ಕೊಟ್ಟಿದ್ನಲ್ಲ, ಅವರೇ ಎಲ್ಲೋ ಬಿಟ್ಟಿದಾರೆ" ಅಂತ ಉಳಿದವರಿಗೆ ಹೇಳಿದರು. ನಾನು ಸುಮ್ಮನಿದ್ದೆ. ಎಲ್ಲರೂ ಸರ್ವೀಸಿನವರನ್ನು ಬೈದರು. ನಾನು ಆಗಲೂ ಸುಮ್ಮನಿದ್ದೆ. ಮಳೆ ಜೋರಾಯಿತು. ಪಕ್ಕದ ಗಾಡಿಯ ಐದು ವರ್ಷದ ಹುಡುಗ ಶೂ ಒದ್ದೆಯಾಗಿ ಚಳಿಗೆ ಅಳುತ್ತಿದ್ದ. ಟಕೋಮಾಗೆ ರೇಡಿಯೋದಲ್ಲಿ ಕೂಗಿದರೆ ಉತ್ತರವಿಲ್ಲ, ನಡುವೆ ಗುಡ್ಡ ಅಡ್ಡ. ಕುರ್ಚಿಗಳು ಮಾತ್ರ ಡಿಕ್ಕಿಯಲ್ಲಿ ಅಚ್ಚುಕಟ್ಟಾಗಿದ್ದವು. ಅಜ್ಜ ಕುರ್ಚಿಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ. ಅವರು ಬೈದಿದ್ದರೆ ನನಗೆ ಸುಲಭ ಆಗುತ್ತಿತ್ತು.

"ಅಪ್ಪಾ, ಚೀಲ ತೆಗೆದಿದ್ದು ನಾನು. ಕುರ್ಚಿಗೆ ಜಾಗ ಬೇಕಿತ್ತು" ಅಂದೆ. ಅಷ್ಟು ಜನರ ಎದುರು ಕನ್ನಡದಲ್ಲೇ ಹೇಳಿದೆ, ಆಮೇಲೆ ಎಲ್ಲರಿಗೂ ಅರ್ಥವಾಗಲಿ ಅಂತ ಇಂಗ್ಲಿಷಿನಲ್ಲಿ ಮತ್ತೆ ಹೇಳಬೇಕಾಯಿತು. ಅದು ಎರಡು ಪಟ್ಟು ಕಷ್ಟ. ಅಪ್ಪ ಒಂದು ನಿಮಿಷ ಮಾತಾಡಲಿಲ್ಲ. ನಂತರ, "ಸರಿ, ಟಕೋಮಾದಲ್ಲೂ ಅಂಥದೇ ಕಂಬಿ ಇರತ್ತೆ, ಬರಲಿ" ಅಂದರು. ಒಂದೂವರೆ ಗಂಟೆ ಕಾದೆವು. ಟಕೋಮಾದ ಕಂಬಿ ನಮ್ಮ ಗಾಡಿಗೂ ಹಿಡಿಯಿತು. ಸ್ಟೆಪ್ನಿ ಇಳಿಯಿತು, ಆದರೆ ಅದರಲ್ಲಿ ಗಾಳಿ 12 ಪಿಎಸ್‌ಐ ಮಾತ್ರ ಇತ್ತು! ಅದನ್ನೂ ನಾನು ನೋಡಿರಲಿಲ್ಲ. ಪುಣ್ಯಕ್ಕೆ ಕಂಪ್ರೆಸರ್ ಇತ್ತು. ಹೈವೇ ಮುಟ್ಟುವಾಗ ಕತ್ತಲೆ.

ಆ ರಾತ್ರಿ ಬಿಸಿ ಸಾರು ಕುಡಿಯುತ್ತಾ ಅಜ್ಜ ಒಂದು ಕಥೆ ಹೇಳಿದರು. ಎಂಬತ್ತರ ದಶಕದ ಒಂದು ಆಷಾಢ. ಪಕ್ಕದ ಮನೆಯ ಹೆಂಗಸಿಗೆ ನಡುರಾತ್ರಿ ಹೆರಿಗೆ ನೋವು. ಅಜ್ಜ ಜೀಪಿನಲ್ಲಿ ಹೊಸನಗರದ ಆಸ್ಪತ್ರೆಗೆ ಹೊರಟರು. ಹಳ್ಳದ ಏರಿನಲ್ಲಿ ಜೀಪು ಹೂತಿತು. ಚೈನಿಗಾಗಿ ಸೀಟಿನಡಿ ಕೈ ಹಾಕಿದರೆ ಚೈನಿಲ್ಲ, ತೊಳೆದು ಕೊಟ್ಟಿಗೆಯಲ್ಲಿ ಒಣಗಲು ಹಾಕಿದ್ದು ಅಲ್ಲೇ ಉಳಿದಿತ್ತು. ಮಳೆಯಲ್ಲಿ ಓಡಿಹೋಗಿ ಹತ್ತಿರದ ಮನೆಯವರನ್ನು ಎಬ್ಬಿಸಿ, ಎತ್ತು ಕಟ್ಟಿ ಎಳೆಸಿದರಂತೆ. ತಾಯಿ, ಮಗು ಇಬ್ಬರೂ ಉಳಿದರು.

"ಎತ್ತು ಸಿಗದೇ ಹೋಗಿದ್ರೆ?" ಅಂದೆ.

"ಅದನ್ನೇ ನಲವತ್ತು ವರ್ಷದಿಂದ ಯೋಚನೆ ಮಾಡ್ತಾ ಇದೀನಿ ಪುಟ್ಟಿ. ಚೈನು ಮನೇಲಿ ಬಿಟ್ಟೆ ಅಂತ ಅವರ ಹತ್ರ ಹೇಳಲೇ ಇಲ್ಲ. ಜೀಪು ಹಳೇದು, ಎಳೀಲಿಲ್ಲ ಅಂತ ಹೇಳಿದೆ."

ಅಪ್ಪ ಚಮಚ ಕೆಳಗಿಟ್ಟರು. ಅವರಿಗೂ ಈ ಕಥೆ ಗೊತ್ತಿರಲಿಲ್ಲ. "ಅಪ್ಪಯ್ಯ, ಆ ಮಗು ಯಾರು?" ಅಂತ ಕೇಳಿದರು. ಅಜ್ಜ ಹೇಳಿದ ಹೆಸರು ಕೇಳಿ ಅಪ್ಪನಿಗೆ ನಗು ಬಂತು, ಅವರ ಶಾಲೆಯಲ್ಲಿ ಎರಡು ಕ್ಲಾಸ್ ಕೆಳಗಿದ್ದ ಹುಡುಗನಂತೆ.

ಈಗ ನನ್ನ ಪಟ್ಟಿಯಲ್ಲಿ ಪ್ರತಿ ಸಾಮಾನಿಗೂ ಎರಡು ಚೌಕ ಇವೆ. ಒಂದು "ನೋಡಿದೆ", ಇನ್ನೊಂದು "ಮುಟ್ಟಿ, ಬಳಸಿ ನೋಡಿದೆ". ಮುಂದಿನ ಪ್ರಯಾಣ ಮೇ ತಿಂಗಳಲ್ಲಿ. ಹೋದ ಶನಿವಾರ ಬೆಳಿಗ್ಗೆ ಕಾರಿನಡಿ ಮಲಗಿ ಸ್ಟೆಪ್ನಿ ಇಳಿಸಿದೆ, ಗಾಳಿ ನೋಡಿದೆ, ಮತ್ತೆ ಮೇಲೇರಿಸಿದೆ. ಅಜ್ಜ ಊರಿಂದ ವಿಡಿಯೋ ಕಾಲ್‌ನಲ್ಲಿ ನೋಡುತ್ತಾ, "ಇನ್ನೊಂದು ಸುತ್ತು ಬಿಗಿ ಮಾಡು" ಅಂತಿದ್ದರು. ಕನ್ನಡ ಶಾಲೆಗೆ ಹತ್ತು ನಿಮಿಷ ತಡವಾಯಿತು. ಟೀಚರ್, ನನ್ನ ಅಂಗಿಯ ಬೆನ್ನಿಗೆ ಮೆತ್ತಿದ್ದ ಗ್ರೀಸ್ ಅದೇ.