ಒಂದು ಕಿವಿಯ ಬಿಡಾರ

ನನ್ನ ಎಡಗಿವಿ ಕೇಳಿಸುವುದಿಲ್ಲ. ಎಂಟು ವರ್ಷದ ಬಾಲಕನಾಗಿದ್ದಾಗ ಅದು ಸೋರಲಾರಂಭಿಸಿತು. ಮನೆಯವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಎರೆದೆರೆದು, ಕಡೆಗೊಂದು ದಿನ ಆ ಕಿವಿ ಸೋರುವುದನ್ನೂ ನಿಲ್ಲಿಸಿತು, ಕೇಳುವುದನ್ನೂ ನಿಲ್ಲಿಸಿತು. ಈ ಸಂಗತಿಯನ್ನು ನಾನು ಸಂದರ್ಶನದ ದಿನ ಹೇಳಲಿಲ್ಲ. ಕೆಲಸ ಸಿಕ್ಕ ಮೇಲೆ ಹೇಳಲು ಮುಖವಿರಲಿಲ್ಲ. ತರಗತಿಯಲ್ಲಿ ಎಡಗಡೆಯ ಬೆಂಚಿನವರು ಮೆಲ್ಲನೆ ಏನಾದರೂ ಕೇಳಿದರೆ ನಾನು ಕಿಟಕಿಯ ಕಡೆಗೆ ನೋಡುತ್ತ ನಿಂತೇ ಇರುತ್ತೇನೆ. ಅದನ್ನು ಕಾವ್ಯತನ್ಮಯತೆಯೆಂದು ತಿಳಿದ ವಿದ್ಯಾರ್ಥಿಗಳೂ ಇದ್ದಾರೆ, ದರ್ಪವೆಂದು ತಿಳಿದವರೂ ಇದ್ದಾರೆ. ಮೊದಲನೆಯವರ ಭ್ರಮೆಯನ್ನು ಕಳೆಯುವ ಮನಸ್ಸಾಗದೆ ಎರಡನೆಯವರ ನಿಂದೆಯನ್ನೂ ಹೊತ್ತುಕೊಂಡಿದ್ದೇನೆ.

ಹತ್ತು ವರ್ಷ ಕಾಪಾಡಿದ ಈ ಗುಟ್ಟು ಕಳೆದ ಮಳೆಗಾಲದಲ್ಲಿ ಒಂದು ನುಸಿಯ ದೆಸೆಯಿಂದ ರಟ್ಟಾಯಿತು. ಪ್ರಾಣಿಶಾಸ್ತ್ರದ ಮಿತ್ರರೊಬ್ಬರು ಅಧ್ಯಾಪಕರ ಕೊಠಡಿಯಲ್ಲಿ ನನ್ನ ಎಡಮಗ್ಗುಲಿಗೆ ಕುಳಿತು ಬಹಳ ಉತ್ಸಾಹದಿಂದ ಏನನ್ನೋ ವಿವರಿಸುತ್ತಿದ್ದರು. ನಾನು ಅಭ್ಯಾಸಬಲದಿಂದ ತಲೆದೂಗುತ್ತಿದ್ದೆ. ಅವರು ಥಟ್ಟನೆ ನನ್ನೆದುರಿಗೆ ಬಾಗಿ, “ಹಾಗಾದರೆ ಅದು ಎಷ್ಟು ಕಿವಿಗಳನ್ನು ಹಾಳುಮಾಡುತ್ತದೆ, ಹೇಳಿ ನೋಡೋಣ!” ಎಂದರು. ಸಿಕ್ಕಿಬಿದ್ದೆ; ನಿಜವನ್ನು ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖವನ್ನು ನೋಡಿ, ಕುರ್ಚಿಯನ್ನೆತ್ತಿ ಬಲಗಡೆಗೆ ಹಾಕಿಕೊಂಡು, ಕಥೆಯನ್ನು ಮೊದಲಿನಿಂದ ಆರಂಭಿಸಿದರು.

ನುಸಿಯೆಂದರೆ ತೆಂಗಿನ ತೋಟವುಳ್ಳವರಿಗೆ ಪರಿಚಯ ಬೇಕಿಲ್ಲ. ಅದರ ಕುಲ ದೊಡ್ಡದು. ಜೇಡ, ಉಣ್ಣೆಗಳು ಅದರ ಬಂಧುಗಳು. ಆ ಕುಲದ ಕೆಲವು ಶಾಖೆಗಳು ಚಿಟ್ಟೆ ಪತಂಗಗಳ ಮೈಮೇಲೆ ಸಂಸಾರ ಹೂಡಿವೆ. ನಮ್ಮ ಕವಿಗಳು ಪತಂಗವನ್ನು ದೀಪಕ್ಕೆ ಬಿದ್ದು ಸಾಯುವ ಮೂಢಪ್ರೇಮಿಯನ್ನಾಗಿ ಮಾಡಿದರೇ ಹೊರತು ಅದಕ್ಕೆ ಕಿವಿಯುಂಟೆಂದು ವಿಚಾರಿಸಲಿಲ್ಲ. ಅನೇಕ ಜಾತಿಯ ಪತಂಗಗಳಿಗೆ ಎದೆಯ ಹಿಂಭಾಗದ ಎರಡು ಪಕ್ಕಗಳಲ್ಲಿ ಒಂದೊಂದು ಕಿವಿಯಿದೆ. ತೆಳುವಾದ ಒಂದು ಪೊರೆ, ಅದರ ಹಿಂದೆ ಶಬ್ದವನ್ನು ಗ್ರಹಿಸುವ ಎರಡೇ ಎರಡು ಜೀವಕೋಶಗಳು, ಇಷ್ಟೇ ಅದರ ವೈಭವ. ಆದರೆ ಮನುಷ್ಯನಿಗೆ ಕೇಳಿಸದ ಬಾವಲಿಯ ಕೂಗು ಅದಕ್ಕೆ ಸುಮಾರು 30 ಮೀಟರ್ ದೂರದಿಂದಲೇ ಕೇಳಿಸುತ್ತದೆ. ಬಾವಲಿ ದೂರದಲ್ಲಿದ್ದರೆ ಪತಂಗ ದಿಕ್ಕು ಬದಲಿಸಿ ಹಾರುತ್ತದೆ. ತೀರ ಹತ್ತಿರಕ್ಕೆ ಬಂದರೆ ರೆಕ್ಕೆ ಮಡಚಿ ಕಲ್ಲಿನಂತೆ ನೆಲಕ್ಕೆ ಬೀಳುತ್ತದೆ, ಇಲ್ಲವೆ ಅಡ್ಡಾದಿಡ್ಡಿ ಸುತ್ತುತ್ತದೆ.

ಅಮೆರಿಕದ ಆಶರ್ ಟ್ರೀಟ್ ಎಂಬ ಪ್ರಾಣಿಶಾಸ್ತ್ರಜ್ಞರು ಮ್ಯಾಸಚೂಸೆಟ್ಸ್ ಪ್ರಾಂತದ ಟೈರಿಂಗ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಪತಂಗಗಳನ್ನು ಹಿಡಿದು ಅವುಗಳ ಶ್ರವಣಶಕ್ತಿಯನ್ನು ಪರೀಕ್ಷಿಸುತ್ತಿದ್ದರು. ಕೆಲವು ಪತಂಗಗಳ ಕಿವಿಯೊಳಗೆ ನುಸಿಗಳು ಬಿಡಾರ ಮಾಡಿದ್ದುವು. ಆ ಜಾತಿಯನ್ನು 1954ರಲ್ಲಿ ಅವರು ಲೋಕಕ್ಕೆ ಪರಿಚಯಿಸಿದರು. 1975ರಲ್ಲಿ ಚಿಟ್ಟೆ ಪತಂಗಗಳ ನುಸಿಗಳನ್ನೇ ಕುರಿತು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಈ ನುಸಿ ಕಿವಿಯ ಪೊರೆಯನ್ನು ಹರಿದು ಒಳಹೊಕ್ಕು ಮೊಟ್ಟೆಯಿಡುತ್ತದೆ. ಅಲ್ಲಿಗೆ ಆ ಕಿವಿ ಮುಗಿಯಿತು. ಆದರೆ ಟ್ರೀಟರನ್ನು ಬೆರಗುಗೊಳಿಸಿದ ಸಂಗತಿ ಬೇರೆ. ನುಸಿಗಳು ಎಷ್ಟೇ ಇರಲಿ, ಹೆಚ್ಚುಕಡಿಮೆ ಯಾವಾಗಲೂ ಅವೆಲ್ಲ ಒಂದೇ ಕಿವಿಯಲ್ಲಿರುತ್ತಿದ್ದುವು. ಆ ಕಿವಿಯಲ್ಲಿ ಕಾಲಿಡಲು ಎಡೆಯಿಲ್ಲದಷ್ಟು ಇಕ್ಕಟ್ಟಾದರೂ ಇನ್ನೊಂದು ಕಿವಿ ಬರಿದಾಗಿಯೇ ಉಳಿಯುತ್ತಿತ್ತು.

ಅವರು ಸೂಕ್ಷ್ಮದರ್ಶಕದಡಿ ಕಾದು ನೋಡಿದರು. ಪತಂಗವು ಹೂವಿನಲ್ಲಿ ಮಧು ಹೀರುವಾಗ ಅದರ ಸೊಂಡಿಲನ್ನೇ ಏಣಿ ಮಾಡಿಕೊಂಡು ಹತ್ತುವ ಮೊದಲನೆಯ ಹೆಣ್ಣುನುಸಿ ಕೂಡಲೇ ಮನೆ ಹಿಡಿಯುವುದಿಲ್ಲ. ಬಾಡಿಗೆಗೆ ಮನೆ ಹುಡುಕುವ ಗೃಹಿಣಿಯಂತೆ ಆ ಪಕ್ಕ ಈ ಪಕ್ಕ ಓಡಾಡಿ, ಎರಡನ್ನೂ ನೋಡಿ, ಒಂದನ್ನು ಆರಿಸಿಕೊಳ್ಳುತ್ತದೆ. ಆಮೇಲೆ ಬಂದವು ಅದರ ಜಾಡನ್ನೇ ಹಿಡಿದು ಅದೇ ಕಿವಿಗೆ ನಡೆಯುತ್ತವೆ. ಒಂದು ಕಿವಿಯ ಪತಂಗಕ್ಕೂ ಬಾವಲಿಯ ಕೂಗು ಕೇಳಿಸುತ್ತದೆ. ಕಿವುಡಾದ ಪತಂಗ ಬಾವಲಿಯ ಹೊಟ್ಟೆಗೆ ಹೋದರೆ ಬಿಡಾರವೂ ಜೊತೆಗೆ ಹೋಗುತ್ತದೆ. ಪೊರೆಯನ್ನು ಹರಿಯದ ಬೇರೆ ಜಾತಿಯ ನುಸಿಗಳು ಯಾವ ಸಂಕೋಚವೂ ಇಲ್ಲದೆ ಎರಡು ಕಿವಿಗಳಲ್ಲಿಯೂ ಇರುವುದುಂಟಂತೆ.

ಕನ್ನಡದ ಮೇಷ್ಟರಾದ ನನಗೆ ಕೂಡಲೇ ದಯೆ, ದಾಕ್ಷಿಣ್ಯ, ಋಣ ಮುಂತಾದ ಮಾತುಗಳು ಬಾಯಿಗೆ ಬಂದುವು. ಮಿತ್ರರು ನಕ್ಕರು. “ದಯೆಯೂ ಇಲ್ಲ, ದಾಕ್ಷಿಣ್ಯವೂ ಇಲ್ಲ ಸ್ವಾಮಿ. ಎರಡು ಕಿವಿಗಳಿಗೂ ಕೈಹಾಕಿದ ನುಸಿಗಳ ವಂಶ ಉಳಿಯಲಿಲ್ಲ, ಅಷ್ಟೆ,” ಎಂದರು. ಅವರ ಮಾತು ಸರಿ. ಆದರೂ ನನಗೆ ಅಂದು ಆ ನುಸಿಯ ಮೇಲೆ ಅಸೂಯೆಯೇ ಆಯಿತೆನ್ನಬೇಕು. ನನ್ನ ಕಿವಿಯನ್ನು ತಿಂದ ರೋಗಕ್ಕೆ ಅಂಥ ಲೆಕ್ಕಾಚಾರವೇನೂ ಇರಲಿಲ್ಲ.

ಏಕೆಂದರೆ ಅದಾದ ಒಂದು ತಿಂಗಳಿಗೆ ನೆಗಡಿ ಬಲಿತು ನನ್ನ ಬಲಗಿವಿಯೂ ಕಟ್ಟಿಕೊಂಡಿತು. ಪೊರೆಯ ಹಿಂದೆ ನೀರು ತುಂಬಿದೆ, ಕಾಯಬೇಕು, ಎಂದರು ವೈದ್ಯರು. ಅದನ್ನೂ ಚೀಟಿಯಲ್ಲಿ ಬರೆದು ತೋರಿಸಿದರು. ಮೂರು ವಾರ ರಜೆ ಹಾಕಿದೆ. ಮನೆಯಲ್ಲಿ ಎಲ್ಲರ ತುಟಿಗಳು ಆಡುತ್ತಿದ್ದುವು. ಪಾತ್ರೆ ಬಿದ್ದರೆ ನನ್ನಾಕೆ ಬೆಚ್ಚುವುದು ಕಾಣಿಸುತ್ತಿತ್ತು, ಸದ್ದು ಮಾತ್ರ ಇಲ್ಲ. ರಾತ್ರಿ ದೀಪಕ್ಕೆ ಬಂದ ಪತಂಗಗಳನ್ನು ನೋಡುತ್ತ, ಇನ್ನು ಪಾಠ ಹೇಳುವುದು ಹೇಗೆ, ಮನೆ ನಡೆಯುವುದು ಹೇಗೆ ಎಂದು ಎಣಿಸುತ್ತಿದ್ದೆ. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಹಾಲಿನವನ ಗಂಟೆ ಕೇಳಿಸಿತು. ಎದ್ದು ಹೋಗಿ, ಬೇಕಿಲ್ಲದಿದ್ದರೂ ಅರ್ಧ ಲೀಟರ್ ಹಾಲನ್ನು ಹೆಚ್ಚಾಗಿ ಕೊಂಡೆ.

ಆಮೇಲೆ ನಾನು ಗಮನಿಸಿದ್ದು ನಮ್ಮ ಮಕ್ಕಳನ್ನು. ಮಗಳು ಮೂರು ವರ್ಷದವಳಾಗಿದ್ದಾಗ ನನ್ನ ಎರಡು ಕಿವಿಗಳಲ್ಲಿಯೂ ಗುಟ್ಟು ಹೇಳಿ ನೋಡುತ್ತಿದ್ದಳು. ಯಾವಾಗಲೋ ಬಲಗಿವಿಯನ್ನು ಆರಿಸಿಕೊಂಡಳು, ಯಾರೂ ಹೇಳಿಕೊಟ್ಟದ್ದಲ್ಲ. ಈಗ ನಾಲ್ಕು ವರ್ಷದ ಅವಳ ತಮ್ಮ ನೇರವಾಗಿ ಬಲಗಡೆಗೇ ಬರುತ್ತಾನೆ. ಇನ್ನೊಂದನ್ನು ಪರೀಕ್ಷಿಸಿ ನೋಡಿದ್ದೇ ಇಲ್ಲ. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಹಿರಿಯರೊಬ್ಬರು ಜಗಲಿಯಲ್ಲಿ ನನ್ನ ಎಡಕ್ಕೆ ಕುಳಿತು ಮಾತಿಗಾರಂಭಿಸಿದರು. ಮಗ ಆಟ ಬಿಟ್ಟು ಬಂದು ಅವರ ಪಂಚೆಯನ್ನು ಹಿಡಿದೆಳೆದ.

“ತಾತ, ಆ ಕಡೆ ಯಾರೂ ಇಲ್ಲ. ಈ ಕಡೆ ಬನ್ನಿ.”