ಮಂಜಿಯೇರಿ ದ್ವೀಪಕ್ಕೆ

ಸೇಡಮ್, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ - ಈ ಊರುಗಳ ಕಡೆಯವರಿಗೆ ಸಮುದ್ರವೆಂದರೆ ಕೇಳಿ ತಿಳಿದ ಮಾತು. ಮಳೆಗಾಲದಲ್ಲಿ ಕಾಗಿಣಾ ನದಿ ದಡ ಮೀರಿ ಹರಿದರೆ ನಮ್ಮ ಹಿರಿಯರು, "ಸಮುದ್ರ ಆಗ್ಯಾದ ನೋಡು" ಎನ್ನುತ್ತಿದ್ದರು. ಅವರಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಆದರೂ ನಾವು ಓಡಾಡುತ್ತಿದ್ದ ನೆಲ ಒಂದು ಹಳೆಯ ಕಡಲಿನ ತಳವೇ ಆಗಿತ್ತು. ಮನೆಗೆ ಹಾಸಿದ ಶಹಾಬಾದಿನ ಕಲ್ಲು, ಅರವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಆಳವಿಲ್ಲದ ಕಡಲಿನಲ್ಲಿ ಪದರಪದರವಾಗಿ ನೆಲೆನಿಂತ ಸುಣ್ಣದ ಕೆಸರು. ಉಳಿಯ ಪೆಟ್ಟಿಗೆ ಅದು ಹಲಗೆ ಹಲಗೆಯಾಗಿ ಎದ್ದು ಬರುವುದು ಅದಕ್ಕೇ. ಕಡಲು ಹಿಂದೆ ಸರಿದ ಮೇಲೂ ನಮ್ಮ ಸೀಮೆಗೆ ಅದರ ನಂಟು ಪೂರ್ಣವಾಗಿ ಕಡಿದುಹೋಗಲಿಲ್ಲ. ಸೇಡಮ್ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 851ರ ಒಂದು ಅರಬ್ಬೀ ಬರಹವು ರಾಷ್ಟ್ರಕೂಟ ದೊರೆಯನ್ನು 'ಬಲ್ಹರಾ' ಎಂದು ಕರೆದು, ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ. ಹಡಗಿನ ವರ್ತಕರು ಹೊತ್ತು ತಂದ ಸುದ್ದಿಯದು. ಅದೇ ಬರಹದಲ್ಲಿ ತೆಂಗಿನ ಮರಗಳ ದ್ವೀಪಮಾಲೆಯೊಂದರ ಮಾತೂ ಬರುತ್ತದೆ.

ಆ ದ್ವೀಪಮಾಲೆಯ ಉತ್ತರದ ತುದಿಯೇ ಲಕ್ಷದ್ವೀಪ. ಮಂಗಳೂರಿನ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ, 1974ರ ಫೆಬ್ರವರಿಯಲ್ಲಿ, ಅದನ್ನು ನೋಡುವ ಯೋಗ ನನಗೆ ಒದಗಿತು. ಪರಸ್ಥಳದವರು ಅಲ್ಲಿಗೆ ಹೋಗಲು ಸರಕಾರದ ಪರವಾನಗಿ ಬೇಕು. ಅದು ಕೈಗೆ ಬಂದ ವಾರದಲ್ಲಿಯೇ ಬಂದರಿನಿಂದ ಕದ್ಮತ್ ದ್ವೀಪಕ್ಕೆ ಹೊರಡುವ ಮಂಜಿಯೊಂದರಲ್ಲಿ ಸ್ಥಳ ಹಿಡಿದೆ. ಮಂಜಿಯೆಂದರೆ ಮರದ ಸರಕುಹಡಗು. ನಾನು ಏರಿದುದು ಎಂಜಿನ್ ಇಲ್ಲದ, ಹಾಯಿಯನ್ನೇ ನಂಬಿದ ಮಂಜಿ. ಅದರ ಒಡಲಿನಲ್ಲಿ ಅಕ್ಕಿಯ ಮೂಟೆ, ಈರುಳ್ಳಿ, ಹೆಂಚು, ಸಿಮೆಂಟಿನ ಚೀಲಗಳು ತುಂಬಿದ್ದವು. ಚೀಲಗಳ ಮೇಲೆ 'ವಾಡಿ' ಎಂದು ಮುದ್ರಿತವಾಗಿತ್ತು. ನಮ್ಮೂರ ಕಡೆಯ ಕಲ್ಲು ಪುಡಿಯಾಗಿ ನನಗಿಂತ ಮುಂಚೆಯೇ ಹಡಗು ಹತ್ತಿದ್ದನ್ನು ಕಂಡು ಅರ್ಧ ಧೈರ್ಯ ಬಂದಿತು.

ಈ ವ್ಯಾಪಾರ ಹಳೆಯದು. ಕದ್ಮತ್, ಅಮಿನಿ, ಕಿಲ್ತಾನ್, ಚೆತ್ಲತ್ ಮೊದಲಾದ ದ್ವೀಪಗಳು ಟಿಪ್ಪುಸುಲ್ತಾನನ ಆಳ್ವಿಕೆಗೆ ಸೇರಿದ್ದವು. 1799ರ ಅನಂತರ ಕಂಪೆನಿಯ ವಶವಾಗಿ, 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ಅವುಗಳ ಆಡಳಿತ ನಡೆದುದು ಮಂಗಳೂರಿನಿಂದಲೇ. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ತಂದು ಸರಕಾರಕ್ಕೆ ಒಪ್ಪಿಸಿ ಅಕ್ಕಿಯನ್ನು ಒಯ್ಯುತ್ತಿದ್ದರು. ಆ ನೆಲದಲ್ಲಿ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಜೂನ್ ತಿಂಗಳಲ್ಲಿ ಮಳೆಗಾಳಿ ಎದ್ದಿತೆಂದರೆ ಹಾಯಿಹಡಗುಗಳ ಸಂಚಾರ ನಿಲ್ಲುತ್ತದೆ. ಅಷ್ಟರೊಳಗೆ ಅಕ್ಕಿ ಮುಟ್ಟಬೇಕು.

ಬೆಳಗಿನ ಜಾವಕ್ಕೆ ಹಗ್ಗ ಬಿಚ್ಚಿದರು. ರಾತ್ರಿ ನೆಲ ಬೇಗನೆ ತಣಿಯುವುದರಿಂದ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಅದರ ನೆರವಿನಿಂದ ಅಳಿವೆಯನ್ನು ದಾಟಿದರೆ, ಮುಂದೆ ಹಗಲಿನ ಉತ್ತರದ ಗಾಳಿ ಸಿಗುತ್ತದೆ. ನಮ್ಮ ದಾರಿ ನೈರುತ್ಯಕ್ಕೆ, ಸುಮಾರು 290 ಕಿಲೋಮೀಟರ್. ಮೊದಲ ದಿನದ ನನ್ನ ಪಾಡನ್ನು ವಿವರಿಸುವುದು ಬೇಡ. ಕಡಲಿಗೆ ಹೊಸಬರಾದವರ ಹೊಟ್ಟೆಯ ಪಾಡು ಎಲ್ಲರಿಗೂ ಒಂದೇ.

ಎರಡನೆಯ ಸಂಜೆ ಎದ್ದು ಕುಳಿತಾಗ, ಮಂಜಿಯ ಮುದಿ ತಂಡೇಲರು ಅಂಗೈಯಗಲದ ಮರದ ಹಲಗೆಯೊಂದನ್ನು ಹಿಡಿದು ಉತ್ತರಕ್ಕೆ ಮುಖಮಾಡಿ ನಿಂತಿದ್ದರು. ಹಲಗೆಯ ನಡುವಿನಿಂದ ಒಂದು ದಾರ. ದಾರದಲ್ಲಿ ಅಲ್ಲಲ್ಲಿ ಗಂಟುಗಳು. ಒಂದು ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವಷ್ಟು ದೂರ ಹಲಗೆಯನ್ನು ಚಾಚಿದರು. ಅದರ ಕೆಳ ಅಂಚು ಬಾನಂಚಿಗೆ ತಾಗಬೇಕು, ಮೇಲಿನ ಅಂಚು ಧ್ರುವನಕ್ಷತ್ರಕ್ಕೆ ತಾಗಬೇಕು. ತಾಗಿದರೆ ನಾವು ಆ ಗಂಟಿನ ಊರಿನ ಸಾಲಿಗೆ ಬಂದೆವೆಂದು ಅರ್ಥ. ಬಾನಂಚೂ ನಕ್ಷತ್ರವೂ ಒಟ್ಟಿಗೆ ಕಾಣುವ ಮುಸ್ಸಂಜೆಯಲ್ಲೋ ಬೆಳುದಿಂಗಳಲ್ಲೋ ಮಾತ್ರ ಈ ಕೆಲಸ ಸಾಧ್ಯ. ಹಡಗಿನಲ್ಲಿ ದಿಕ್ಸೂಚಿಯೂ ಇತ್ತು. ಆದರೆ ದಿಕ್ಸೂಚಿ ಮುಖ ಯಾವ ಕಡೆಗಿದೆಯೆಂದು ಹೇಳುತ್ತದೆಯೇ ಹೊರತು ಎಲ್ಲಿದ್ದೇವೆಂದು ಹೇಳುವುದಿಲ್ಲ. ಅರಬ್ಬೀ ನಾವಿಕರು 'ಕಮಾಲ್' ಎಂದು ಕರೆಯುತ್ತಿದ್ದ ಉಪಕರಣವಿದು.

ಇದರ ಲೆಕ್ಕ ಬಹಳ ಸರಳ. ಧ್ರುವನಕ್ಷತ್ರವು ಬಾನಂಚಿನಿಂದ ಎಷ್ಟು ಡಿಗ್ರಿ ಮೇಲಿದೆಯೋ, ನಾವು ನಿಂತ ಸ್ಥಳದ ಅಕ್ಷಾಂಶವೂ ಬಹುಮಟ್ಟಿಗೆ ಅಷ್ಟೇ. ಮಂಗಳೂರಿನಲ್ಲಿ ಅದು ಸುಮಾರು 13 ಡಿಗ್ರಿ, ಕದ್ಮತ್ತಿನಲ್ಲಿ 11. ತೋಳು ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನೀವೂ ಒಂದು ರಾತ್ರಿ ಮಾಳಿಗೆಯ ಮೇಲೆ ನಿಂತು ಅಳೆದು ನೋಡಬಹುದು.

"ನಿಮ್ಮ ಊರಿನಲ್ಲಿಯೂ ಈ ನಕ್ಷತ್ರ ಉಂಟಲ್ಲ, ಮಾಸ್ಟ್ರೇ?" ಎಂದು ತಂಡೇಲರು ಕೇಳಿದರು.

"ಉಂಟು. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದರೆ ಕಾಣುತ್ತದೆ."

"ಅಲ್ಲಿ ಇನ್ನೂ ಮೇಲೆ ಇರಬೇಕು" ಎಂದರು ಅವರು.

ಘಟ್ಟವನ್ನೇ ಹತ್ತದ ಮನುಷ್ಯ ನಮ್ಮೂರಿನ ಆಕಾಶವನ್ನು ಸರಿಯಾಗಿ ಹೇಳಿದ್ದು ನನಗೆ ಬೆರಗನ್ನು ತಂದಿತು. ಸೇಡಮ್ ಇರುವುದು 17ನೆಯ ಡಿಗ್ರಿಯಲ್ಲಿ.

ಮೂರನೆಯ ದಿನ ಮಧ್ಯಾಹ್ನ ಗಾಳಿ ಸತ್ತಿತು. ಹಾಯಿ ಒಣಹಾಕಿದ ಬಟ್ಟೆಯಂತೆ ಜೋತುಬಿದ್ದಿತು. ರಾತ್ರಿ ಉತ್ತರದ ಬಾನಂಚಿನ ಮೇಲೆ ಮಬ್ಬು ಕವಿದು ನಕ್ಷತ್ರವೂ ಮರೆಯಾಯಿತು. ಒಳಗಿನ ಸೆಳೆತ ಹಡಗನ್ನು ಎತ್ತ ಒಯ್ಯುತ್ತಿದೆಯೆಂದು ಹೇಳುವವರಿರಲಿಲ್ಲ. ಕುಡಿಯುವ ನೀರಿನ ಪೀಪಾಯಿಗೆ ಒಬ್ಬನನ್ನು ಕಾವಲಿಟ್ಟರು. ತಲೆಗೆ ಹೊತ್ತಿಗೊಂದು ಲೋಟ. ಭಯದ ಕಾರಣವನ್ನು ನಾನು ಆಗ ಅರಿತೆ. ಅಕ್ಷಾಂಶದ ಅರ್ಧ ಡಿಗ್ರಿಯೆಂದರೆ 55 ಕಿಲೋಮೀಟರ್. ದ್ವೀಪಗಳೋ ನೀರಿನಿಂದ ಕೆಲವೇ ಮೀಟರ್ ಎತ್ತರ. ಅಲ್ಲಿಯ ತೆಂಗಿನ ತಲೆ ಕಾಣಬೇಕಾದರೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿಗೆ ಬರಬೇಕು. ಲಕ್ಷದ್ವೀಪದ ಎಲ್ಲ ನೆಲವನ್ನು ಕೂಡಿಸಿದರೂ 32 ಚದರ ಕಿಲೋಮೀಟರ್. ಅದನ್ನು ತಪ್ಪಿ ಪಡುವಣಕ್ಕೆ ಹೋದರೆ ಮುಂದೆ ಇರುವುದು ಅರಬಸ್ಥಾನ ಮತ್ತು ಆಫ್ರಿಕದ ದಡ.

ಮರುದಿನ ಹೊತ್ತೇರಿದ ಮೇಲೆ ಗಾಳಿ ಮತ್ತೆ ಬಡಗಣದಿಂದ ಹುಟ್ಟಿತು. ತಂಡೇಲರು ನೇರವಾಗಿ ನೈರುತ್ಯಕ್ಕೆ ಬಿಡದೆ, ಬೇಕೆಂದೇ ದಾರಿಯನ್ನು ಉತ್ತರಕ್ಕೆ ಒತ್ತಿದರು. ಹುಡುಗನೊಬ್ಬ ಕಾರಣ ಕೇಳಿದುದಕ್ಕೆ, "ಬಡಗು ಬದಿಗೆ ತಪ್ಪಿದರೆ ಗಾಳಿಯೇ ಕೆಳಗೆ ಇಳಿಸುತ್ತದೆ. ತೆಂಕು ಬದಿಗೆ ತಪ್ಪಿದರೆ ಗಾಳಿಗೆ ಎದುರಾಗಿ ಏರುವವರು ಯಾರು?" ಎಂದರು. ಎಲ್ಲಿ ತಪ್ಪಿದರೆ ತಿದ್ದಿಕೊಳ್ಳಬಹುದೋ ಅಲ್ಲಿ ತಪ್ಪುವುದೂ ಒಂದು ವಿದ್ಯೆಯೆಂದು ನನಗೆ ಹೊಳೆದುದು ಆಗ. ಇಳಿಹೊತ್ತಿನಲ್ಲಿ ದೂರದ ಮೋಡವೊಂದರ ಹೊಟ್ಟೆ ನಸುಹಸುರಾಗಿ ತೋರಿತು. ಹವಳದ ದಿಬ್ಬದ ಒಳಗಿನ ತಿಳಿನೀರು ಬಿಸಿಲನ್ನು ಮೇಲಕ್ಕೆ ಎರಚಿ ಮೋಡಕ್ಕೆ ಬಣ್ಣ ಬಳಿಯುತ್ತದೆ. ಅದರಡಿಯಲ್ಲಿ ಕಪ್ಪು ಗೀರೊಂದು ಎದ್ದಿತು. ಕಿಲ್ತಾನ್! ಯಾರೂ ಕೂಗಲಿಲ್ಲ. ಕಾವಲಿನವನು ಪೀಪಾಯಿಯನ್ನು ಬಿಟ್ಟು ಎದ್ದು ಹೋದನು, ಅಷ್ಟೇ.

ಕಿಲ್ತಾನಿನಿಂದ ಕದ್ಮತ್ ಹತ್ತಿರವೇ. ಮರುದಿನ ಬೆಳಿಗ್ಗೆ ಅಲ್ಲಿದ್ದೆವು. ಉದ್ದ ಒಂಬತ್ತು ಕಿಲೋಮೀಟರಿಗೆ ಸ್ವಲ್ಪ ಮೇಲು, ಅಗಲ ಎಲ್ಲಿಯೂ ಒಂದು ಕಿಲೋಮೀಟರ್ ಇಲ್ಲ. ಪಡುವಣ ಬದಿಯ ದಿಬ್ಬಕ್ಕೆ ಅಲೆ ಬಡಿದು ನೊರೆಯಾಗುತ್ತದೆ. ಒಳಗಿನ ನೀರು ಕೆರೆಯಂತೆ ನಿಂತಿರುತ್ತದೆ. ಅಕ್ಕಿಯ ಮೂಟೆಗಳನ್ನು ದೋಣಿಗಳಿಗೆ ಇಳಿಸುವಾಗ ನಾನೂ ಇಳಿದೆ. ಕಾಲಿಗೆ ಸಿಕ್ಕಿದುದು ಹವಳದ ಬಿಳಿಯ ಚೂರು, ಅಂದರೆ ಸುಣ್ಣ. ನಮ್ಮ ಸೀಮೆಯಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಮುಗಿದುಹೋದ ಕೆಲಸ ಇಲ್ಲಿ ಕಣ್ಣೆದುರಿಗೆ ನಡೆಯುತ್ತಿತ್ತು. ಇಲ್ಲಿ ಅದನ್ನು ಮಾಡುತ್ತಿದ್ದುದು ಹವಳದ ಹುಳುಗಳು, ಅಷ್ಟೇ ಭೇದ. ಅಲ್ಲಿನ ಬಾವಿಗಳೂ ವಿಚಿತ್ರ. ಮಳೆಯ ಸಿಹಿನೀರು ನೆಲದೊಳಗೆ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಹೆಚ್ಚು ಸೇದಿದರೆ ಉಪ್ಪು ಮೇಲೇರುತ್ತದೆ.

ಮಂಜಿಗಳಿಗೆ ಮುಂದೆ ಎಂಜಿನ್ ಬಂದಿತು. ಈಗ ಹಡಗಿನ ನೆಲೆಯನ್ನು ಉಪಗ್ರಹಗಳೇ ತಿಳಿಸುತ್ತವೆ. ಹುರಿ, ಕೊಬ್ಬರಿಗಳನ್ನು ಹೇರಿಕೊಂಡು ಹಿಂದಿರುಗುವ ಹಿಂದಿನ ಸಂಜೆ ನಾನು ತಂಡೇಲರ ಹಲಗೆಯನ್ನು ಕೈಗೆ ತೆಗೆದುಕೊಂಡು, ಅದರ ಗಂಟುಗಳ ಊರುಗಳನ್ನು ಒಂದೊಂದಾಗಿ ಕೇಳಿದೆ. ಕದ್ಮತ್ತಿನದು ದೂರ, ಮಂಗಳೂರಿನದು ಹಲಗೆಗೆ ಹತ್ತಿರ. ಸೇಡಮ್ಮಿನ ಗಂಟು ಎಲ್ಲಿ ಬೀಳುತ್ತಿತ್ತೆಂದು ವಿಚಾರಿಸಿದೆ. ಅವರು ಧ್ರುವನನ್ನೊಮ್ಮೆ ನೋಡಿ, ಹಲಗೆಗೆ ಇನ್ನೂ ಸಮೀಪದಲ್ಲಿ ದಾರವನ್ನು ಉಗುರಿನಿಂದ ಒತ್ತಿ ಹಿಡಿದರು.

"ಇಲ್ಲಿ. ಆದರೆ ಅಲ್ಲಿಗೆ ಮಂಜಿ ಹೋಗುವುದಿಲ್ಲವಲ್ಲ, ಮಾಸ್ಟ್ರೇ" ಎಂದರು.